ಒಂದು ಕತ್ತಿ, ಎರಡು ಒರೆ: ಜಪಾನಿನ ಕಿರುಗತ್ತಿ ಮತ್ತು ಅದರ ಒಡವೆಗಳ ಕಥೆ

ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬುದು ನಮ್ಮ ಹಳೆಯ ಗಾದೆ. ಜಪಾನಿನ ಪುರಾತನ ಕಿರುಗತ್ತಿಯ ಮಟ್ಟಿಗೆ ಈ ಗಾದೆಯನ್ನು ತಿರುಗಿಸಿ ಹೇಳಬೇಕಾಗುತ್ತದೆ. ಅಲ್ಲಿ ಒಂದೇ ಕತ್ತಿಗೆ ಎರಡು ಒರೆಗಳು!

ಮೊದಲನೆಯದು, ಯಾವ ಬಣ್ಣವನ್ನೂ ಬಳಿಯದ ಬಿಳಿಮರದ ಸಾದಾ ಒರೆ. ಉಕ್ಕಿನ ಅಲಗು ತುಕ್ಕು ಹಿಡಿಯದಂತೆ ವಿಶ್ರಮಿಸುವುದು ಇದರೊಳಗೆ. ಇನ್ನೊಂದು, ಮೆರುಗೆಣ್ಣೆ ಹಚ್ಚಿದ, ರೇಷ್ಮೆ ಸುತ್ತಿದ, ಚಿನ್ನ ಬೆಳ್ಳಿಗಳ ಕುಸುರಿಯಿಂದ ಕಂಗೊಳಿಸುವ ಒರೆ ಮತ್ತು ಹಿಡಿ. ಇದು ಸೊಂಟದಲ್ಲಿ ಧರಿಸಿ ನಾಲ್ಕು ಜನರ ನಡುವೆ ಓಡಾಡುವಾಗಿನ ಉಡುಪು. ಅಲಗನ್ನು ಸಾದಾ ಒರೆಗೆ ಸೇರಿಸಿದಾಗ ಅಲಂಕೃತ ಉಡುಪು ಬಿಡಿಬಿಡಿಯಾಗಿ ಕಳಚದಿರಲೆಂದು ಅದರೊಳಗೆ ಅಲಗಿನದೇ ಆಕಾರದ ಮರದ ಪಟ್ಟಿಯೊಂದನ್ನು ತೂರಿಸಿಡುತ್ತಾರೆ. ಜಪಾನೀಯರು ಇದನ್ನು ‘ತ್ಸುನಾಗಿ’ ಎನ್ನುತ್ತಾರೆ. ಜೋಡಿಸುವಂಥದ್ದು ಎಂಬುದು ಆ ಪದದ ಅರ್ಥ.

ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇಂದು ಈ ಕತ್ತಿಗಳ ಅಲಗು ಒಂದು ಗಾಜಿನ ಪೆಟ್ಟಿಗೆಯಲ್ಲಿದ್ದರೆ, ಒಡವೆಗಳು ಮತ್ತೊಂದರಲ್ಲಿರುತ್ತವೆ. ಎಷ್ಟೋ ವೇಳೆ ಅಲಗು ಒಂದು ಖಂಡದಲ್ಲಿ, ಅದರ ಒಡವೆ ಇನ್ನೊಂದು ಖಂಡದಲ್ಲಿ. ಈ ಅಗಲಿಕೆ ತಾನಾಗಿ ಸಂಭವಿಸಿದ್ದಲ್ಲ. 1876 ಮತ್ತು 1945ರಲ್ಲಿ ಹೊರಬಿದ್ದ ಎರಡು ಆದೇಶಗಳು ಇದರ ಹಿಂದಿವೆ. ಆ ಎರಡೂ ಸಂದರ್ಭಗಳಲ್ಲಿ ಕತ್ತಿಯನ್ನು ಕಾಪಾಡಿದ್ದು ಅದರ ಸೌಂದರ್ಯ ಎಂಬುದು ಗಮನಾರ್ಹ. ಆದರೆ ಆ ರಕ್ಷಣೆಗೆ ತೆತ್ತ ಬೆಲೆಯೂ ಕಡಿಮೆಯದಲ್ಲ.

ಅಳತೆಯೇ ಅಂತಸ್ತು

ಜಪಾನಿನ ಕತ್ತಿಗಳನ್ನು ವಿಂಗಡಿಸುವುದು ‘ಶಾಕು’ ಎಂಬ ಹಳೆಯ ಅಳತೆಯಿಂದ. ಒಂದು ಶಾಕು ಎಂದರೆ 30.3 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಅಡಿ. ಅಲಗಿನ ಉದ್ದ ಎರಡು ಶಾಕುಗಿಂತ ಹೆಚ್ಚಿದ್ದರೆ ಅದು ‘ಕತಾನಾ’. ಒಂದರಿಂದ ಎರಡು ಶಾಕು ಇದ್ದರೆ ‘ವಾಕಿಜಾಶಿ’. ಒಂದು ಶಾಕುಗಿಂತ ಕಡಿಮೆಯಿದ್ದರೆ ‘ತಾಂತೋ’, ಅಂದರೆ ಬಾಕು. ವಾಕಿಜಾಶಿ ಎಂಬ ಪದಕ್ಕೆ ಪಕ್ಕದಲ್ಲಿ ಸಿಕ್ಕಿಸಿಕೊಳ್ಳುವಂಥದ್ದು ಎಂದರ್ಥ.

ತೊಕುಗಾವಾ ಮನೆತನ ಆಳಿದ ಎದೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಸಮುರಾಯ್ ಯೋಧನ ಗುರುತೇ ಸೊಂಟದಲ್ಲಿನ ಎರಡು ಕತ್ತಿಗಳು. ಒಂದು ಉದ್ದ, ಒಂದು ಗಿಡ್ಡ. ಈ ಜೋಡಿಗೆ ‘ದೈಶೋ’ ಎಂದು ಹೆಸರು. ದೊಡ್ಡದು ಮತ್ತು ಚಿಕ್ಕದು ಎಂಬುದೇ ಅದರ ಅರ್ಥ. ಮತ್ತೊಬ್ಬರ ಮನೆಗೆ ಹೋದಾಗ ಉದ್ದಗತ್ತಿಯನ್ನು ಸೊಂಟದಿಂದ ತೆಗೆದು ಒಪ್ಪಿಸುವುದು ಶಿಷ್ಟಾಚಾರ. ಕಿರುಗತ್ತಿ ಮಾತ್ರ ಒಡೆಯನ ಮೈಮೇಲೆ ಉಳಿಯುತ್ತಿತ್ತು. ಹೀಗಾಗಿ ಮನೆಯೊಳಗೆ, ಚಾಪೆಯ ಮೇಲೆ ಕುಳಿತು ಮಾತನಾಡುವಾಗ ಎದುರಿನವರ ಕಣ್ಣಿಗೆ ಹತ್ತಿರದಿಂದ ಬೀಳುತ್ತಿದ್ದುದು ಇದೇ.

ಕಿರುಗತ್ತಿಗೆ ಇನ್ನೊಂದು ಬಗೆಯ ಭಾಗ್ಯವೂ ಇತ್ತು. 1588ರಲ್ಲಿ ತೊಯೊತೊಮಿ ಹಿದೆಯೋಶಿ ರೈತರ ಬಳಿಯಿದ್ದ ಆಯುಧಗಳನ್ನೆಲ್ಲ ವಶಪಡಿಸಿಕೊಳ್ಳಲು ಆದೇಶಿಸಿದ. ‘ಕತ್ತಿ ಬೇಟೆ’ ಎಂದೇ ಇತಿಹಾಸದಲ್ಲಿ ಅದು ಪ್ರಸಿದ್ಧ. ಮುಂದೆ 17ನೇ ಶತಮಾನದ ಉತ್ತರಾರ್ಧದಲ್ಲಿ ಪೇಟೆಯ ಜನ ಉದ್ದಗತ್ತಿ ಧರಿಸುವುದಕ್ಕೂ ತಡೆ ಬಿತ್ತು. ಆದರೆ ಪ್ರಯಾಣದಂತಹ ಸಂದರ್ಭಗಳಲ್ಲಿ ಕಿರುಗತ್ತಿ ಧರಿಸಲು ವರ್ತಕರಿಗೆ ಅವಕಾಶ ಉಳಿಯಿತು. ಅಕ್ಕಿ, ರೇಷ್ಮೆ, ಸಾಕೆ ಮದ್ಯಗಳ ವ್ಯಾಪಾರದಲ್ಲಿ ಹಣ ಮಾಡಿದ ವರ್ತಕನಿಗೆ ಉದ್ದಗತ್ತಿಯ ಗೌರವ ದೊರೆಯುವಂತಿರಲಿಲ್ಲ. ಸಿಕ್ಕಿದ ಎರಡು ಶಾಕುಗಳೊಳಗೇ ಅವನು ತನ್ನ ಸಂಪತ್ತನ್ನು ತೋರಿಸಬೇಕಾಗಿತ್ತು. ಕಿರುಗತ್ತಿಯ ಮೇಲೆ ಚಿನ್ನ ಬೆಳ್ಳಿಗಳ ಕುಸುರಿ ಮೇರೆ ಮೀರಿ ಬೆಳೆದುದರ ಒಂದು ಕಾರಣ ಇಲ್ಲಿದೆ.

ಮರಳಿನಿಂದ ಅಲಗಿನವರೆಗೆ

ಒಡವೆಗಳ ಮಾತಿಗೆ ಮುನ್ನ ಅಲಗನ್ನು ಅರಿಯಬೇಕು. ಅದರ ಕಚ್ಚಾವಸ್ತು ಕಬ್ಬಿಣದ ಮರಳು. ‘ತತಾರಾ’ ಎಂಬ ಜೇಡಿಮಣ್ಣಿನ ಕುಲುಮೆಯಲ್ಲಿ ಮರಳನ್ನೂ ಇದ್ದಿಲನ್ನೂ ಪದರ ಪದರವಾಗಿ ಸುರಿಯುತ್ತ ಮೂರು ಹಗಲು ಮೂರು ರಾತ್ರಿ ಬೆಂಕಿ ಆರದಂತೆ ಕಾಯಲಾಗುತ್ತದೆ. ಸುಮಾರು 10 ಟನ್ ಮರಳು ಮತ್ತು 12 ಟನ್ ಇದ್ದಿಲು ಹಾಕಿದರೆ ದೊರೆಯುವುದು ಸುಮಾರು ಎರಡೂವರೆ ಟನ್ ತೂಕದ ಒಂದು ಗಟ್ಟಿ. ಕತ್ತಿಗೆ ಯೋಗ್ಯವಾದ ‘ತಮಾಹಗಾನೆ’ ಉಕ್ಕು ಅದರಲ್ಲಿ ಒಂದು ಭಾಗ ಮಾತ್ರ. ನಿಂತೇ ಹೋಗಿದ್ದ ಈ ಪದ್ಧತಿಯನ್ನು ಶಿಮಾನೆ ಪ್ರಾಂತದ ಒಕುಇಜುಮೋ ಎಂಬಲ್ಲಿ 1977ರಲ್ಲಿ ಮತ್ತೆ ಆರಂಭಿಸಲಾಯಿತು.

ಕಮ್ಮಾರ ಆ ಉಕ್ಕನ್ನು ಕಾಯಿಸಿ, ಬಡಿದು, ಮಡಚಿ ಮತ್ತೆ ಬಡಿಯುತ್ತಾನೆ. ಪ್ರತಿ ಮಡಿಕೆಗೂ ಪದರಗಳು ಇಮ್ಮಡಿಯಾಗುತ್ತವೆ. 15 ಬಾರಿ ಮಡಚಿದರೆ ಲೆಕ್ಕಕ್ಕೆ 32,768 ಪದರಗಳು! ಕಲ್ಮಶ ಹೊರಬೀಳುವುದು, ಇಂಗಾಲ ಸಮನಾಗಿ ಹರಡುವುದು ಹಾಗೂ ಅಲಗಿನ ಮೈಯಲ್ಲಿ ಮರದ ನಾರಿನಂತಹ ನವಿರಾದ ಗೆರೆಗಳು ಮೂಡುವುದು ಹೀಗೆ.

ಬಳಿಕ ಬರುವುದೇ ಹದ ಹಾಕುವ ಘಟ್ಟ. ಅಲಗಿನ ಬೆನ್ನಿಗೆ ದಪ್ಪನಾಗಿ, ಅಂಚಿಗೆ ತೆಳ್ಳಗೆ ಜೇಡಿಮಣ್ಣನ್ನು ಬಳಿದು, ಕೆಂಪಗೆ ಕಾಯಿಸಿ ನೀರಿಗೆ ಅದ್ದಲಾಗುತ್ತದೆ. ತೆಳು ಮಣ್ಣಿನ ಅಂಚು ತಕ್ಷಣ ತಣಿದು ಅತಿ ಗಡುಸಾಗುತ್ತದೆ. ದಪ್ಪ ಮಣ್ಣಿನ ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಹರಿತಕ್ಕೆ ಗಡಸು ಬೇಕು, ಮುರಿಯದಿರಲು ಮೆದು ಬೇಕು. ಈ ಎರಡೂ ಗುಣಗಳು ಒಂದೇ ಲೋಹದಲ್ಲಿ ಒಂದಾಗುವುದು ಆ ಕೆಲವು ಕ್ಷಣಗಳಲ್ಲಿ. ಎರಡರ ಗಡಿಯಲ್ಲಿ ಮಂಜಿನಂತೆ ಮೂಡುವ ಬಿಳಿಯ ಅಲೆಗೆರೆಯೇ ‘ಹಮೋನ್’. ಕತ್ತಿಯ ಬಾಗು ಹೆಚ್ಚುವುದೂ ಇದೇ ಕ್ಷಣದಲ್ಲಿ. ಹದ ತಪ್ಪಿದರೆ ಅಲಗು ಸೀಳುತ್ತದೆ, ವಾರಗಳ ಶ್ರಮ ನೀರುಪಾಲಾಗುತ್ತದೆ.

ಕಿರು ಅಲಗುಗಳಲ್ಲಿ ಅಗ್ರಗಣ್ಯ ಹೆಸರು 13ನೇ ಶತಮಾನದಲ್ಲಿ ಕ್ಯೋಟೋದಲ್ಲಿದ್ದ ಅವಾತಗುಚಿ ಯೋಶಿಮಿತ್ಸುವಿನದು. ಆತನ ‘ಅತ್ಸುಶಿ ತೋಶಿರೋ’ ಎಂಬ ಬಾಕು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದು, ರಾಷ್ಟ್ರೀಯ ನಿಧಿ ಎಂದು ಘೋಷಿತವಾಗಿದೆ. ಅದರ ಅಲಗು 21.8 ಸೆಂಟಿಮೀಟರ್ ಮಾತ್ರ. ಅಂಗೈಗಿಂತ ಸ್ವಲ್ಪ ಉದ್ದವಿರುವ ಈ ಉಕ್ಕಿನ ತುಂಡು ಹಿದೆಯೋಶಿಯ ಕೈಯನ್ನೂ ತೊಕುಗಾವಾ ಅರಸರ ಭಂಡಾರವನ್ನೂ ಹಾದು ಬಂದಿದೆ.

ಅಲಗಿನ ಮೇಲೆ ಸಂಸ್ಕೃತ ಬೀಜಾಕ್ಷರ

ಹಳೆಯ ಅಲಗುಗಳಲ್ಲಿ ಭಾರತೀಯ ಕಣ್ಣು ತಟ್ಟನೆ ಗುರುತಿಸಬಹುದಾದ ಸಂಗತಿಯೊಂದಿದೆ. ಹಿಡಿಗೆ ಸಮೀಪದ ಭಾಗದಲ್ಲಿ ಕೆಲವೊಮ್ಮೆ ಸಂಸ್ಕೃತದ ಬೀಜಾಕ್ಷರಗಳನ್ನು ಕೊರೆದಿರುತ್ತಾರೆ. ಜಪಾನೀಯರು ಇವುಗಳನ್ನು ‘ಬೊಂಜಿ’ ಎಂದು ಕರೆಯುತ್ತಾರೆ. ಲಿಪಿಯ ಹೆಸರು ಸಿದ್ಧಂ. ಚೀನಾದಲ್ಲಿ ಮಂತ್ರಯಾನ ಬೌದ್ಧಮತವನ್ನು ಕಲಿತು 806ರಲ್ಲಿ ಸ್ವದೇಶಕ್ಕೆ ಮರಳಿದ ಕೂಕಾಯ್ ಎಂಬ ಭಿಕ್ಷುವಿನಿಂದ ಈ ಲಿಪಿಯ ಅಧ್ಯಯನ ಅಲ್ಲಿ ಬೇರೂರಿತು. ಸಿದ್ಧಂ ಲಿಪಿಯ ಮೂಲ ಬ್ರಾಹ್ಮಿ. ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ. ಆ ಲೆಕ್ಕದಲ್ಲಿ ಜಪಾನಿ ಅಲಗಿನ ಮೇಲಿನ ಅಕ್ಷರ ಕನ್ನಡದ ಅಕ್ಷರಕ್ಕೆ ದೂರದ ದಾಯಾದಿ.

ಹೀಗೆ ಕೊರೆಯಲಾಗುವ ದೇವತೆಗಳಲ್ಲಿ ಮುಖ್ಯನಾದವನು ಫುದೋ ಮ್ಯೋಓ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಪಾಶ ಹಿಡಿದು ಜ್ವಾಲೆಗಳ ನಡುವೆ ನೆಲೆಗೊಂಡ ಈತ ಸಂಸ್ಕೃತದ ಅಚಲ. ಆತನ ಬೀಜಾಕ್ಷರ ‘ಹಾಂ’. ಆತನ ಖಡ್ಗಕ್ಕೆ ಸುತ್ತಿಕೊಂಡು ಮೊನೆಯನ್ನು ನುಂಗಲು ಹೊರಟ ನಾಗವೇ ‘ಕುರಿಕರಾ’. ಇದು ಕುಲಿಕ ನಾಗರಾಜನ ಹೆಸರಿನ ಜಪಾನಿ ರೂಪ. ಲೋಹದ ಒಡವೆಗಳ ಮೇಲೆ ಕಾಣಸಿಗುವ ವೀಣಾಧಾರಿಣಿ ಬೆಂಜೈತೆನ್ ಬೇರಾರೂ ಅಲ್ಲ, ಸರಸ್ವತಿ. ಅಕ್ಕಿಮೂಟೆಗಳ ಮೇಲೆ ನಿಂತು ನಗುವ ದೈಕೊಕುತೆನ್ ಮೂಲತಃ ಮಹಾಕಾಲ.

ಒಡವೆಗಳ ಸಂಸಾರ

ಕತ್ತಿಯ ಪೂರ್ಣ ಉಡುಪಿಗೆ ‘ಕೋಶಿರಾಯೆ’ ಎಂದು ಹೆಸರು. ಅದರಲ್ಲಿನ ಪ್ರತಿ ಭಾಗಕ್ಕೂ ಒಂದು ಕೆಲಸವಿದೆ.

ಎಲ್ಲರ ಕಣ್ಣಿಗೆ ಮೊದಲು ಬೀಳುವುದು ‘ತ್ಸುಬಾ’. ಅಲಗು ಮತ್ತು ಹಿಡಿಯ ನಡುವೆ ಕೂರುವ ಲೋಹದ ಬಿಲ್ಲೆ ಇದು. ಮುಂಗೈ ಅಲಗಿನತ್ತ ಜಾರದಂತೆ ತಡೆಯುವುದು ಇದರ ಕರ್ತವ್ಯ. ಕತ್ತಿಯ ತೂಕವನ್ನು ಸಮತೋಲದಲ್ಲಿಡುವುದೂ ಇದೇ. ನಡುವೆ ಅಲಗು ತೂರುವ ರಂಧ್ರ, ಅಕ್ಕಪಕ್ಕದಲ್ಲಿ ಕೆಲವೊಮ್ಮೆ ಇನ್ನೆರಡು ರಂಧ್ರಗಳು. ಒಂದು ರಂಧ್ರ ಒರೆಯ ಬದಿಯಲ್ಲಿ ಸಿಕ್ಕಿಸಿಡುವ ಪುಟ್ಟ ಚಾಕುವಿಗೆ. ಇದರ ಅಲಂಕೃತ ಹಿಡಿಗೆ ‘ಕೊಜುಕಾ’ ಎನ್ನುತ್ತಾರೆ. ಇನ್ನೊಂದು ರಂಧ್ರ ಕೂದಲು ಸರಿಪಡಿಸಿಕೊಳ್ಳುವ ಸೂಜಿಯಂತಹ ‘ಕೋಗಾಯ್’ಗೆ.

ಹಿಡಿಯ ಬುಡದ ಪಟ್ಟಿ ‘ಫುಚಿ’, ತುದಿಯ ಟೊಪ್ಪಿಗೆ ‘ಕಾಶಿರಾ’. ಇವೆರಡೂ ಒಂದೇ ಕೈಯಿಂದ, ಒಂದೇ ಚಿತ್ರದ ಎರಡು ಅಂಗಗಳಂತೆ ರೂಪುಗೊಳ್ಳುತ್ತವೆ. ಹಿಡಿಯ ಎರಡೂ ಬದಿಗೆ ರೇಷ್ಮೆ ದಾರದ ಸುತ್ತಿನೊಳಗೆ ಅರ್ಧ ಅವಿತು ಕೂರುವ ಪುಟ್ಟ ಮೂರ್ತಿಗಳೇ ‘ಮೆನುಕಿ’. ಒಂದು ನವಿಲು, ಒಂದು ಏಡಿ, ಒಂದು ಜೋಡಿ ಸಿಂಹ, ಹೀಗೆ ಯಾವುದೂ ಆಗಬಹುದು. ಅಂಗೈಗೆ ಹಿಡಿತ ಒದಗಿಸುವುದು ಅವುಗಳ ಉಪಯೋಗ.

ಹಿಡಿಯ ಮರಕ್ಕೆ ತೊರಕೆ ಮೀನಿನ ಚರ್ಮದ ಹೊದಿಕೆ. ಅದರ ಬಿಳಿಯ ಗಂಟುಗಂಟು ಮೈಮೇಲೆ ರೇಷ್ಮೆ ದಾರ ಜಾರುವುದಿಲ್ಲ. ಉತ್ತಮ ದರ್ಜೆಯ ಚರ್ಮ ಆಗ್ನೇಯ ಏಷ್ಯಾದಿಂದ ಹಡಗುಗಳಲ್ಲಿ ಬರುತ್ತಿತ್ತು. ಒರೆಗೆ ಮ್ಯಾಗ್ನೋಲಿಯಾ ಜಾತಿಯ ಮೆದು ಮರವೇ ಬೇಕು. ಅದು ಅಲಗಿನ ಮೈಗೆ ಗೀರು ಮಾಡದು. ಮೇಲೆ ಉರುಶಿ ಮರದ ರಸದಿಂದ ತಯಾರಿಸಿದ ಮೆರುಗೆಣ್ಣೆಯ ಹಲವು ಲೇಪ. ಅಲಗಿನ ಬುಡಕ್ಕೆ ‘ಹಬಾಕಿ’ ಎಂಬ ಲೋಹದ ಕವಚ. ಅಲಗು ಒರೆಯ ಗೋಡೆಗಳಿಗೆ ತಾಗದೆ, ಅಲುಗಾಡದೆ ನಿಲ್ಲುವುದು ಇದರಿಂದ.

ಇಷ್ಟೆಲ್ಲವನ್ನೂ ಹಿಡಿದಿಟ್ಟಿರುವುದು ಯಾವುದು? ಬಿದಿರಿನ ಒಂದೇ ಒಂದು ಚಿಕ್ಕ ಗೂಟ! ಹಿಡಿಯನ್ನೂ ಅದರೊಳಗಿನ ಅಲಗಿನ ಬಾಲವನ್ನೂ ಅಡ್ಡಲಾಗಿ ಬೆಸೆಯುವ ಈ ‘ಮೆಕುಗಿ’ಯನ್ನು ಹೊರದಬ್ಬಿದರೆ ಇಡೀ ಕತ್ತಿ ಬಿಡಿಭಾಗಗಳಾಗಿ ಕಳಚುತ್ತದೆ. ಮೊಳೆಯಿಲ್ಲ, ಬೆಸುಗೆಯಿಲ್ಲ. ಒಂದೇ ಅಲಗಿಗೆ ತಲೆಮಾರಿನಿಂದ ತಲೆಮಾರಿಗೆ ಹೊಸ ಉಡುಪು ತೊಡಿಸಲು ಸಾಧ್ಯವಾಗಿದ್ದು ಈ ಸರಳ ವಿಧಾನದಿಂದ. 15ನೇ ಶತಮಾನದ ಅಲಗಿಗೆ 18ನೇ ಶತಮಾನದ ತ್ಸುಬಾ, 19ನೇ ಶತಮಾನದ ಒರೆ ಇದ್ದರೆ ಅದರಲ್ಲಿ ಅಸಹಜವಾದುದೇನೂ ಇಲ್ಲ. ಉದ್ದಗತ್ತಿಯನ್ನೇ ಬಾಲದ ಕಡೆಯಿಂದ ಕತ್ತರಿಸಿ ಕಿರುಗತ್ತಿ ಮಾಡಿಕೊಂಡ ಉದಾಹರಣೆಗಳೂ ಉಂಟು. ಕಳಚುವ ಈ ಸೌಲಭ್ಯವೇ ಮುಂದೆ ಅಗಲಿಕೆಗೂ ದಾರಿಯಾಯಿತು.

ಚಿನ್ನ ಬೆರೆತರೆ ಕಪ್ಪು

ಒಡವೆಗಳ ಲೋಹವಿದ್ಯೆಯೂ ವಿಶಿಷ್ಟವಾದುದು. ತಾಮ್ರಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಚಿನ್ನ ಬೆರೆಸಿದರೆ ದೊರೆಯುವ ಮಿಶ್ರಲೋಹ ‘ಶಾಕುದೋ’. ನೋಡಲು ಅದು ತಾಮ್ರದಂತೆಯೇ ಇರುತ್ತದೆ. ತಾಮ್ರದ ಲವಣಗಳನ್ನು ಕರಗಿಸಿದ ‘ರೊಕುಶೋ’ ಎಂಬ ದ್ರಾವಣದಲ್ಲಿ ಕುದಿಸಿದೊಡನೆ ಅದರ ಮೈ ಕಾಗೆಯ ರೆಕ್ಕೆಯಂತೆ ನೀಲಿ ಮಿನುಗುವ ಕಪ್ಪಿಗೆ ತಿರುಗುತ್ತದೆ. ಕಲೆ ಬೀಳದಿರಲೆಂದು ಕುದಿಸುವ ಮುನ್ನ ಅದನ್ನು ತುರಿದ ಮೂಲಂಗಿಯಲ್ಲಿ ಅದ್ದುವ ರೂಢಿಯಿದೆ. ತಾಮ್ರಕ್ಕೆ ಬೆಳ್ಳಿ ಬೆರೆಸಿದರೆ ‘ಶಿಬುಯಿಚಿ’. ನಾಲ್ಕನೇ ಒಂದು ಭಾಗ ಎಂಬುದು ಈ ಪದದ ಅರ್ಥವಾದರೂ ಬೆಳ್ಳಿಯ ಪ್ರಮಾಣ ಕೆಲಸಗಾರನಿಂದ ಕೆಲಸಗಾರನಿಗೆ ಬದಲಾಗುತ್ತಿತ್ತು. ಇದರ ಬಣ್ಣ ಮಳೆಮೋಡದ ಬೂದು.

ಕಪ್ಪು ಶಾಕುದೋ, ಬೂದು ಶಿಬುಯಿಚಿ, ಕೆಂಪು ತಾಮ್ರ, ಹಳದಿ ಚಿನ್ನ, ಬಿಳಿ ಬೆಳ್ಳಿ... ಹೀಗೆ ಬಣ್ಣದ ಡಬ್ಬಿಯಿಲ್ಲದೆ ಲೋಹಗಳಿಂದಲೇ ಚಿತ್ರ ಬರೆಯುವ ಕಲೆ ಬೆಳೆಯಿತು. ಚಿತ್ರದ ಹಿನ್ನೆಲೆಗೆ ‘ನಾನಾಕೋ’, ಅಂದರೆ ಮೀನಿನ ಮೊಟ್ಟೆ ಎಂಬ ಕೆಲಸ. ಬಟ್ಟಲಿನ ಬಾಯಿಯಂತಹ ಉಳಿಯಿಂದ ಒಂದೊಂದೇ ಪೆಟ್ಟು ಹಾಕುತ್ತ, ಸಾಸಿವೆಗಿಂತ ಸಣ್ಣ ಗುಂಡುಗಳನ್ನು ಸಾಲುಸಾಲಾಗಿ ಮೂಡಿಸಬೇಕು. ಒಂದು ಪೆಟ್ಟು ಹೆಚ್ಚಾದರೂ ಸಾಲು ಕೆಡುತ್ತದೆ.

ಈ ಬಣ್ಣವೆಲ್ಲ ಮೇಲ್ಮೈಯ ಅತಿ ತೆಳು ಪದರವಷ್ಟೇ ಎಂಬುದನ್ನು ಮರೆಯಬಾರದು. ಹಳೆಯ ವಸ್ತು ಹೊಳೆಯಲೆಂದು ಪಾಲಿಶ್ ಹಾಕಿ ಉಜ್ಜಿದವರು ಕೆಲವೇ ನಿಮಿಷಗಳಲ್ಲಿ ಶತಮಾನಗಳ ಕಪ್ಪನ್ನು ಅಳಿಸಿಬಿಟ್ಟ ನಿದರ್ಶನಗಳು ಬೇಕಾದಷ್ಟಿವೆ.

ಅರಮನೆಯ ಉಳಿ, ಪೇಟೆಯ ಉಳಿ

ಈ ಕಲೆಯ ಇತಿಹಾಸದಲ್ಲಿ ಗೋತೋ ಮನೆತನದ್ದು ಮೊದಲ ಹೆಸರು. ಮೂಲಪುರುಷ ಗೋತೋ ಯೂಜೋ (1440–1512) ಶೋಗನ್ ಅಶಿಕಾಗಾ ಯೋಶಿಮಸಾನ ಸೇವೆಯಲ್ಲಿದ್ದವನು. ಅಲ್ಲಿಂದ 17 ತಲೆಮಾರು ಈ ಮನೆತನ ಆಳುವವರಿಗಾಗಿ ಉಳಿ ಹಿಡಿಯಿತು. ‘ಓಬಾನ್’ ಎಂಬ ದೊಡ್ಡ ಚಿನ್ನದ ನಾಣ್ಯಗಳ ತಯಾರಿಕೆಯೂ ಇದೇ ಮನೆತನದ ಹೊಣೆಯಾಗಿತ್ತು. ಮೆನುಕಿ, ಕೊಜುಕಾ, ಕೋಗಾಯ್ ಈ ಮೂರನ್ನೂ ಒಂದೇ ವಸ್ತುವಿನ ಮೇಲೆ ಹೊಂದಿಸಿ ಮಾಡುವ ಜೋಡಣೆ ಗೋತೋ ಕೆಲಸದ ಹೆಗ್ಗುರುತು. ಎದೋ ಕೋಟೆಗೆ ವಿಧ್ಯುಕ್ತ ಉಡುಗೆಯಲ್ಲಿ ಹೋಗುವ ಸಮುರಾಯ್‌ಗೆ ಕಪ್ಪು ಒರೆ, ಬಿಳಿಯ ಮೀನುಚರ್ಮ, ಕಪ್ಪು ರೇಷ್ಮೆ, ನಾನಾಕೋ ಮಾಡಿದ ಶಾಕುದೋ ಒಡವೆಗಳೇ ಆಗಬೇಕು. ಉದ್ದಗತ್ತಿಯ ಒರೆಯ ತುದಿ ಚಪ್ಪಟೆಯಾಗಿರಬೇಕು, ಕಿರುಗತ್ತಿಯದು ಗುಂಡಾಗಿರಬೇಕು ಎನ್ನುವಷ್ಟು ಕಟ್ಟುನಿಟ್ಟು!

ಈ ಕಟ್ಟುನಿಟ್ಟಿನಿಂದ ಹೊರಬಂದವನು ಯೊಕೊಯಾ ಸೋಮಿನ್ (1670–1733). ಶೋಗನ್ ಆಸ್ಥಾನದ ನೆರಳನ್ನು ಬಿಟ್ಟು ಪೇಟೆಯ ಜನರಿಗಾಗಿ ಕೆಲಸ ಮಾಡಿದ. ಕುಂಚದ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳುವಾಗುವುದೋ ಅದನ್ನೇ ಉಳಿಯ ಓರೆ ಪೆಟ್ಟಿನಿಂದ ಲೋಹದ ಮೇಲೆ ತರುವ ‘ಕತಾಕಿರಿ’ ವಿಧಾನ ಆತನ ಕೊಡುಗೆ ಎಂದೇ ಪ್ರಸಿದ್ಧ. ಆತನ ಬಳಿಕ ‘ಪೇಟೆಯ ಉಳಿಗಾರರು’ ಎಂಬ ದೊಡ್ಡ ಪರಂಪರೆಯೇ ಬೆಳೆಯಿತು. ಡ್ರ್ಯಾಗನ್ ಸಿಂಹಗಳ ಜತೆಗೆ ಬದನೆಕಾಯಿ, ಜೇಡ, ಮಳೆಯಲ್ಲಿ ಓಡುವ ಕೂಲಿಕಾರ, ಜನಪದ ಕಥೆಯ ಪಾತ್ರಗಳು ಕತ್ತಿಯನ್ನೇರಿದವು. ದೀರ್ಘ ಶಾಂತಿಯ ಆ ಕಾಲದಲ್ಲಿ ಅಲಗು ಒರೆಯಿಂದ ಹೊರಬರುವುದು ಅಪರೂಪವಾಗಿತ್ತು. ನೋಡುವವರಿಗೆ ಕಾಣುತ್ತಿದ್ದುದು ಒಡವೆ ಮಾತ್ರ.

1876: ಸೊಂಟ ಬರಿದಾದ ವರ್ಷ

ಶೋಗನ್ ಆಡಳಿತ ಕೊನೆಗೊಂಡು 1868ರಲ್ಲಿ ಮೇಜಿ ಚಕ್ರವರ್ತಿಯ ಸರಕಾರ ಬಂತು. 1871ರಲ್ಲಿ ಕತ್ತಿ ಧರಿಸುವುದು ಐಚ್ಛಿಕವಾಯಿತು. 1876ರ ಮಾರ್ಚ್ 28ರಂದು ಹೊರಬಿದ್ದ ‘ಹೈತೋರೇ’ ಆದೇಶ ಸೈನಿಕರು, ಪೊಲೀಸರು ಮತ್ತು ವಿಧ್ಯುಕ್ತ ಉಡುಗೆಯ ಅಧಿಕಾರಿಗಳನ್ನು ಬಿಟ್ಟು ಉಳಿದವರೆಲ್ಲರಿಗೂ ಕತ್ತಿ ಧರಿಸುವುದನ್ನು ನಿಷೇಧಿಸಿತು. ಅದೇ ವರ್ಷ ಸಮುರಾಯ್‌ಗಳ ವಂಶಪಾರಂಪರ್ಯ ಮಾಸಾಶನವೂ ರದ್ದಾಯಿತು.

ಪರಿಣಾಮ ಊಹಿಸಬಹುದು. ಮನೆಯಲ್ಲಿದ್ದ ಕತ್ತಿಯನ್ನು ಧರಿಸುವಂತಿಲ್ಲ, ಅಕ್ಕಿಗೆ ಹಣವಿಲ್ಲ. ಕತ್ತಿಗಳು ಗುಂಪುಗುಂಪಾಗಿ ಮಾರುಕಟ್ಟೆಗೆ ಬಂದವು. ಯುರೋಪ್ ಮತ್ತು ಅಮೆರಿಕಗಳಲ್ಲಿ ಆಗ ಜಪಾನಿ ಕಲೆಯ ಹುಚ್ಚು ಏರುತ್ತಿದ್ದ ಕಾಲ. ಉದ್ದನೆಯ ಅಲಗಿಗಿಂತ ಅಂಗೈಯಲ್ಲಿ ಹಿಡಿದು ನೋಡಬಹುದಾದ ತ್ಸುಬಾ ಅಲ್ಲಿನ ಸಂಗ್ರಾಹಕರಿಗೆ ಪ್ರಿಯವಾಯಿತು. ಸಾಗಿಸುವುದೂ ಸುಲಭ. ಬಿದಿರಿನ ಗೂಟ ಕಳಚಿತು, ಒಡವೆಗಳು ಹಡಗನ್ನೇರಿದವು. ಬೋಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮೊದಲಾದ ಕಡೆಗಳಲ್ಲಿ ಇಂದು ಕಾಣುವ ದೊಡ್ಡ ಸಂಗ್ರಹಗಳಿಗೆ ಬುನಾದಿ ಬಿದ್ದದ್ದು ಆ ದಶಕಗಳಲ್ಲಿ.

ಒಡವೆ ಕೆಲಸಗಾರರು ಹೇಗೋ ದಾರಿ ಕಂಡುಕೊಂಡರು. ಕಾನೋ ನತ್ಸುಓ (1828–1898) ಹೊಸ ಸರಕಾರದ ನಾಣ್ಯಗಳಿಗೆ ಅಚ್ಚು ಕೆತ್ತಿದ. 1890ರಲ್ಲಿ ಟೋಕಿಯೋ ಕಲಾಶಾಲೆಯಲ್ಲಿ ಅಧ್ಯಾಪಕನಾದ. ಇತರರು ಅದೇ ಶಾಕುದೋ, ಅದೇ ಉಳಿಯಿಂದ ಹೂದಾನಿ, ಪೆಟ್ಟಿಗೆಗಳನ್ನು ಮಾಡಿ ವಿದೇಶಿ ವಸ್ತುಪ್ರದರ್ಶನಗಳಿಗೆ ಕಳಿಸಿದರು. ಅಲಗು ಬಡಿಯುವವರಿಗೆ ಇಂತಹ ಬದಲಿ ದಾರಿ ಇರಲಿಲ್ಲ. ಕುಡುಗೋಲು, ಅಡುಗೆಮನೆಯ ಚಾಕು ಮಾಡಿದವರು ಎಷ್ಟೋ ಮಂದಿ. 1906ರಲ್ಲಿ ಗಸ್ಸಾನ್ ಸದಾಕಾಜು ಮತ್ತು ಮಿಯಾಮೋತೋ ಕಾನೆನೋರಿ ಎಂಬ ಇಬ್ಬರು ಕಮ್ಮಾರರನ್ನು ರಾಜಮನೆತನದ ಕಲಾವಿದರೆಂದು ನೇಮಿಸಿದ್ದು ವಿದ್ಯೆಯ ಎಳೆಯನ್ನು ಹೇಗೋ ಉಳಿಸಿತು.

1945: ಆಯುಧವೋ, ಕಲಾಕೃತಿಯೋ?

ಎರಡನೇ ಆಘಾತ ಬಂದದ್ದು ಎರಡನೇ ಮಹಾಯುದ್ಧದ ಸೋಲಿನೊಂದಿಗೆ. ಸಮಸ್ತ ಆಯುಧಗಳನ್ನೂ ಒಪ್ಪಿಸಬೇಕೆಂದು ಮಿತ್ರಪಕ್ಷಗಳ ಆಕ್ರಮಿತ ಆಡಳಿತ 1945ರಲ್ಲಿ ಆದೇಶಿಸಿತು. ಕಾರ್ಖಾನೆಯಲ್ಲಿ ತಯಾರಾದ ಸೇನಾಧಿಕಾರಿಯ ಕತ್ತಿಗೂ 700 ವರ್ಷ ಹಳೆಯ ಕಿರುಗತ್ತಿಗೂ ಪೊಲೀಸ್ ಠಾಣೆಯ ಮೇಜಿನ ಮೇಲೆ ವ್ಯತ್ಯಾಸವಿರಲಿಲ್ಲ. ಎಷ್ಟೋ ಕತ್ತಿಗಳು ಕರಗಿದವು, ಸಮುದ್ರ ಸೇರಿದವು. ಎಷ್ಟೋ ಕತ್ತಿಗಳು ಸೈನಿಕರ ನೆನಪಿನ ಕಾಣಿಕೆಗಳಾಗಿ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್ ತಲುಪಿದವು.

ಆಗ ಮುಂದೆ ಬಂದವರು ವಿದ್ವಾಂಸ ಹೊಂಮಾ ಜುಂಜಿ ಮತ್ತು ಅವರ ಸಂಗಡಿಗರು. ಕತ್ತಿಗಳಲ್ಲಿ ಆಯುಧ ಯಾವುದು, ಕಲಾಕೃತಿ ಯಾವುದು ಎಂದು ಪರೀಕ್ಷಿಸಿ ಬೇರ್ಪಡಿಸಬಹುದು ಎಂಬುದು ಅವರ ವಾದ. ಅಮೆರಿಕದ ಎಂಟನೇ ಸೇನೆಯ ಕರ್ನಲ್ ಕ್ಯಾಡ್‌ವೆಲ್ ಈ ವಾದಕ್ಕೆ ಕಿವಿಗೊಟ್ಟರು. 1946ರಲ್ಲಿ ಕಲಾಮೌಲ್ಯದ ಕತ್ತಿಗಳಿಗೆ ವಿನಾಯಿತಿ ದೊರೆಯಿತು. ಟೋಕಿಯೋದ ಅಕಾಬಾನೆ ಉಗ್ರಾಣದಲ್ಲಿ ರಾಶಿ ಬಿದ್ದಿದ್ದವುಗಳಿಂದ ಐದು ಸಾವಿರಕ್ಕೂ ಹೆಚ್ಚು ಕತ್ತಿಗಳನ್ನು ಆರಿಸಿ 1947ರಲ್ಲಿ ವಸ್ತುಸಂಗ್ರಹಾಲಯದ ವಶಕ್ಕೆ ಕೊಡಲಾಯಿತು. 1948ರಲ್ಲಿ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಹುಟ್ಟಿಕೊಂಡಿತು. ಹೊಸ ಕತ್ತಿಗಳ ತಯಾರಿಕೆಗೆ 1953ರಲ್ಲಿ ಮತ್ತೆ ಅನುಮತಿ ದೊರೆಯಿತು. 1955ರಲ್ಲಿ ತಕಾಹಾಶಿ ಸದಾತ್ಸುಗು ‘ಜೀವಂತ ರಾಷ್ಟ್ರೀಯ ನಿಧಿ’ ಗೌರವ ಪಡೆದ ಮೊದಲ ಕತ್ತಿ ಕಮ್ಮಾರರಾದರು.

ಇಂದಿಗೂ ಜಪಾನಿನ ಕಾನೂನು ಈ ತರ್ಕದ ಮೇಲೆಯೇ ನಿಂತಿದೆ. 15 ಸೆಂಟಿಮೀಟರಿಗಿಂತ ಉದ್ದದ ಪ್ರತಿ ಕತ್ತಿಗೂ ನೋಂದಣಿ ಪತ್ರ ಕಡ್ಡಾಯ. ಅದು ದೊರೆಯುವುದು ಪ್ರಾಂತದ ಶಿಕ್ಷಣ ಮಂಡಳಿಯಿಂದ ಎಂಬುದು ಕುತೂಹಲಕರ. ಕಮ್ಮಾರನಾಗಬೇಕಾದರೆ ಪರವಾನಗಿ ಪಡೆದ ಗುರುವಿನ ಬಳಿ ಐದು ವರ್ಷ ಕಲಿಯಬೇಕು. ಅನಂತರವೂ ತಿಂಗಳಿಗೆ ಎರಡು ಉದ್ದಗತ್ತಿ ಅಥವಾ ಮೂರು ಕಿರುಗತ್ತಿಗಿಂತ ಹೆಚ್ಚು ಮಾಡುವಂತಿಲ್ಲ. ಅವಸರದ ಕೆಲಸಕ್ಕೆ ಕಡಿವಾಣ ಹಾಕುವುದು ಇದರ ಉದ್ದೇಶ.

ಕಳಚಿದ್ದು ಕೂಡುವುದೇ?

ನೋಂದಣಿ ಅಗತ್ಯವಿರುವುದು ಅಲಗಿಗೆ ಮಾತ್ರ. ತ್ಸುಬಾ, ಮೆನುಕಿಗಳಿಗೆ ಈ ಬಂಧನವಿಲ್ಲ. ಆದ್ದರಿಂದ ಅಲಗು ಇದ್ದಲ್ಲೇ ಉಳಿದರೂ ಒಡವೆಗಳು ಸರಾಗವಾಗಿ ಕೈ ಬದಲಾಯಿಸುತ್ತವೆ. ಒಂದು ಪೂರ್ಣ ಕಿರುಗತ್ತಿಯನ್ನು ಬಿಡಿಸಿ ಮಾರಿದರೆ ವ್ಯಾಪಾರಿಗೆ ಲಾಭ ಹೆಚ್ಚು ಎನಿಸಿದ ದಿನ ಇನ್ನೊಂದು ಜೋಡಿ ಶಾಶ್ವತವಾಗಿ ಬೇರೆಯಾಗುತ್ತದೆ. ಹೀಗೆ ಬೇರೆಯಾದ ಒಡವೆಯ ಮೇಲೆ ಕಲಾವಿದನ ಹೆಸರು ಉಳಿಯಬಹುದು. ಆದರೆ ಅದನ್ನು ಯಾವ ಅಲಗಿಗಾಗಿ, ಯಾವ ಮನೆಯವರು, ಏಕೆ ಮಾಡಿಸಿದರು ಎಂಬ ಮಾಹಿತಿ ಅಳಿದುಹೋಗುತ್ತದೆ. ಅದನ್ನು ಯಾವ ತಜ್ಞನೂ ಮರಳಿ ತರಲಾರ.

ಅಜ್ಞಾನದಿಂದಾಗುವ ಹಾನಿ ಇನ್ನೂ ದೊಡ್ಡದು. ಅಲಗಿನ ಬಾಲದ ಮೇಲಿನ ಕಂದು ತುಕ್ಕು ಕೊಳೆಯಲ್ಲ. ಅದರ ಬಣ್ಣ, ಆಳಗಳಿಂದಲೇ ತಜ್ಞರು ವಯಸ್ಸನ್ನು ಅಳೆಯುತ್ತಾರೆ. ಕಮ್ಮಾರನ ಸಹಿ ಇರುವುದೂ ಅಲ್ಲಿಯೇ. ಪ್ರಸಿದ್ಧರ ಹೆಸರಿನಲ್ಲಿ ಸುಳ್ಳು ಸಹಿ ಕೊರೆಯುವ ಚಾಳಿ ಶತಮಾನಗಳಷ್ಟು ಹಳೆಯದಾದುದರಿಂದ, ಸಹಿಯ ಗೀರಿನೊಳಗಿನ ತುಕ್ಕು ಸುತ್ತಲಿನ ತುಕ್ಕಿಗೆ ಹೊಂದುತ್ತದೆಯೇ ಎಂಬುದು ದೊಡ್ಡ ಪರೀಕ್ಷೆ. ಅಜ್ಜ ಯುದ್ಧದಿಂದ ತಂದ ಕತ್ತಿಯನ್ನು ಮೊಮ್ಮಗ ಮರಳುಕಾಗದದಿಂದ ಉಜ್ಜಿ ಫಳಫಳ ಹೊಳೆಯಿಸಿದರೆ ಆ ಸಾಕ್ಷ್ಯ ಅಳಿದಂತೆಯೇ. ಅಲಗನ್ನು ಬರಿಗೈಯಲ್ಲಿ ಮುಟ್ಟಿದರೂ ಬೆವರಿನಿಂದ ಹೊಸ ತುಕ್ಕು ಏಳುತ್ತದೆ. ಮಾಡಬೇಕಾದುದು ಇಷ್ಟೇ: ತೆಳುವಾಗಿ ಎಣ್ಣೆ ಸವರುವುದು, ಬಾಲವನ್ನು ಹಾಗೆಯೇ ಬಿಡುವುದು, ಒಡವೆಗಳಿಗೆ ಪಾಲಿಶ್ ಹಾಕದಿರುವುದು ಮತ್ತು ಬಿಡಿಭಾಗಗಳನ್ನು ಒಟ್ಟಿಗೆ ಇರಿಸುವುದು.

ಹೊಸ ತಲೆಮಾರಿನ ಆಸಕ್ತಿ ಆಶಾದಾಯಕವಾಗಿದೆ. 2015ರಲ್ಲಿ ಆರಂಭವಾದ, ಹಳೆಯ ಕತ್ತಿಗಳನ್ನೇ ಪಾತ್ರಗಳನ್ನಾಗಿಸಿದ ‘ತೋಕೆನ್ ರಂಬು’ ಎಂಬ ಆನ್‌ಲೈನ್ ಆಟ ಯುವಜನರನ್ನು, ವಿಶೇಷವಾಗಿ ಯುವತಿಯರನ್ನು ವಸ್ತುಸಂಗ್ರಹಾಲಯಗಳತ್ತ ಸೆಳೆಯಿತು. ಸಂರಕ್ಷಣಾ ಸಂಘದ ಖಡ್ಗ ವಸ್ತುಸಂಗ್ರಹಾಲಯ 2018ರಲ್ಲಿ ಟೋಕಿಯೋದ ರ್ಯೋಗೊಕು ಪ್ರದೇಶದ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ಕತ್ತಿ ಸೊಂಟದಿಂದ ಇಳಿದು ಒಂದೂವರೆ ಶತಮಾನವಾದರೂ ಜಪಾನಿ ಮಾತಿನಿಂದ ಅದು ಇಳಿದಿಲ್ಲ. ಇಬ್ಬರಿಗೆ ಹೊಂದಾಣಿಕೆಯಾಗದಿದ್ದರೆ ‘ಬಾಗು ಹೊಂದುವುದಿಲ್ಲ’ ಎನ್ನುತ್ತಾರೆ. ಅಲಗಿನ ಬಾಗಿಗೂ ಒರೆಯ ಬಾಗಿಗೂ ತಾಳೆಯಾಗದು ಎಂಬುದು ಅದರ ಮೂಲಾರ್ಥ. ಜಗಳವಾಡಿ ಬೇರೆಯಾದವರು ಮತ್ತೆ ಒಂದಾದರೆ ‘ಹಳೆಯ ಒರೆಗೆ ಮರಳಿದರು’ ಎನ್ನುತ್ತಾರೆ. ದೇಶಾಂತರ ಹೋದ ಸಾವಿರಾರು ಅಲಗು ಮತ್ತು ಒಡವೆಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವಿಲ್ಲ. ಉಳಿದಿರುವ ಜೋಡಿಗಳನ್ನಾದರೂ ಅಗಲಿಸದೆ ಕಾಯುವುದು ಇಂದಿನ ಸಂಗ್ರಾಹಕರು, ವಸ್ತುಸಂಗ್ರಹಾಲಯಗಳು ಹಾಗೂ ವ್ಯಾಪಾರಿಗಳ ಕೈಯಲ್ಲಿದೆ.